ಅಣ್ಣನ ಚರ್ಮದ ಚೀಲ, ನನ್ನ ಕ್ಯಾನ್ವಾಸ್ ಚೀಲ

ನನ್ನ ದೊಡ್ಡಪ್ಪನ ಮಗ ನನಗಿಂತ ಮೂರೇ ಮೂರು ತಿಂಗಳು ದೊಡ್ಡವನು. ಆ ಮೂರು ತಿಂಗಳಲ್ಲಿ ಅವನು ಈ ಲೋಕದಲ್ಲಿ ಅದೇನು ಕಡಿದು ಕಟ್ಟೆ ಹಾಕಿದನೋ ಕಾಣೆ, ನಾನು ಮಾತ್ರ ಅವನನ್ನು ಜನ್ಮವಿಡೀ ‘ಅಣ್ಣ’ ಅನ್ನಬೇಕು ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿಬಿಟ್ಟರು. ಅವನು ಮೊದಲು ನಡೆದ, ಮೊದಲು ಮಾತಾಡಿದ, ಮೊದಲು ಮೀಸೆ ಬಿಟ್ಟ. ಜಯನಗರದಲ್ಲಿ ಅವರ ಮನೆಯಿಂದ ನಮ್ಮ ಮನೆಗೆ ಎರಡೇ ಕ್ರಾಸು. ಅವನು ಏನು ಮಾಡಿದರೂ ಆ ಎರಡು ಕ್ರಾಸು ದಾಟಿ ಸುದ್ದಿ ಬರುವುದಕ್ಕೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಬೇಕಾಗಿರಲಿಲ್ಲ.

ಮೋಟಾರ್ ಸೈಕಲ್ ಮಾತ್ರ ನನ್ನದೇ ಮೊದಲು ಬಂತು. ಅದು ಮಹಾಯುದ್ಧದ ಕಾಲದ್ದು. ಅದರ ಸ್ಥಿತಿ ನೋಡಿದರೆ ಸೋತವರ ಕಡೆಯದಿರಬೇಕು. ನಾನು ಬಾಯಲ್ಲೇ ಅದರ ಶಬ್ದ ಮಾಡಿ ತೋರಿಸುತ್ತಿದ್ದೆ. ಮೊದಲು ದಮ್ಮು ಹತ್ತಿದ ಮುದುಕರ ಕೆಮ್ಮು, ಆಮೇಲೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ನಾಲ್ಕು ಸದ್ದು, ಕೊನೆಗೆ ದೇವಸ್ಥಾನದ ಜಾಗಟೆ. ಮನೆಯವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಎಲ್ಲರನ್ನೂ ಅಣಕಿಸುವವನು ತನ್ನ ಗಾಡಿಯನ್ನೂ ಬಿಡಬಾರದು, ನ್ಯಾಯ ಅಂದರೆ ನ್ಯಾಯ. ಆದರೆ ಒಂದು ದಿನ ಅಣ್ಣನ ಹೊಸ ಗಾಡಿ ಬಂತು. ಬುಕ್ ಮಾಡಿ ವರ್ಷಗಟ್ಟಲೆ ಕಾದು ಪಡೆದದ್ದು. ಡುಗು ಡುಗು ಡುಗು ಅಂತ ಮದುವೆ ಮನೆಯ ಡೋಲಿನ ಹಾಗೆ ಬಂದು ನಮ್ಮ ಗೇಟಿನ ಮುಂದೆ ನಿಂತಿತು. ಆ ಶಬ್ದವನ್ನು ಅಣಕಿಸಲು ಎಷ್ಟೋ ಪ್ರಯತ್ನಪಟ್ಟೆ. ಬರಲಿಲ್ಲ. ಚೆನ್ನಾಗಿರುವುದನ್ನು ಅಣಕಿಸುವುದು ಬಹಳ ಕಷ್ಟ.

ಗಾಡಿಯನ್ನಾದರೂ ಸಹಿಸಿಕೊಳ್ಳುತ್ತಿದ್ದೆನೋ ಏನೋ. ನನ್ನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಅದರ ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ತೂಗುಬಿದ್ದಿದ್ದ ಚೀಲಗಳನ್ನು ನೋಡಿ. ಜಟಕಾ ಕುದುರೆಗಳಿಗೆ ಜೀನು ಹೊಲಿಯುವವರೊಬ್ಬರಿಗೆ ಅಳತೆ ಕೊಟ್ಟು ಮಾಡಿಸಿದ್ದನಂತೆ. ಹುಣಿಸೆಹಣ್ಣಿನ ಬಣ್ಣದ ಚರ್ಮ, ಹಿತ್ತಾಳೆ ಬಕಲು, ಮಳೆ ನೀರು ಒಳಗೆ ಹೋಗದಂತೆ ದೊಡ್ಡ ಮುಚ್ಚಳ. ಸಾಲದ್ದಕ್ಕೆ ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ಸೆಲ್ಯುಲಾಯ್ಡ್ ಕವರು, ಅದರೊಳಗೆ ಮಡಿಸಿಟ್ಟ ಸರ್ವೆ ನಕ್ಷೆ. ಗಾಡಿ ಓಡಿಸುತ್ತಲೇ ಬಗ್ಗಿ ಯಾವ ಊರು ಬಂತು ಅಂತ ನೋಡಬಹುದು. ಜಯನಗರದಿಂದ ಮೆಜೆಸ್ಟಿಕ್ಕಿಗೆ ಹೋಗುವವನಿಗೆ ನಕ್ಷೆ ಯಾಕೆ ಸ್ವಾಮಿ? ಆದರೆ ನಮ್ಮಪ್ಪ ಕನ್ನಡಕ ಹಾಕಿಕೊಂಡು ಆ ನಕ್ಷೆಯ ಮೇಲೆ ಬಗ್ಗಿ, ‘ನೋಡೋ, ಶಿಸ್ತು ಅಂದ್ರೆ ಇದು’ ಅಂದರು. ನನ್ನ ಗಾಡಿಯ ಹಿಂದೆ ಆಗ ತೆಂಗಿನ ಹಗ್ಗದಲ್ಲಿ ಕಟ್ಟಿದ ತರಕಾರಿ ಚೀಲ ಇತ್ತು. ಅದರಿಂದ ಒಂದು ಮೂಲಂಗಿ ಇಣುಕುತ್ತಿತ್ತು.

ಇಷ್ಟರಲ್ಲಿ ನಮ್ಮಕ್ಕನ ಮದುವೆ ಗೊತ್ತಾಯಿತು. ಮಾಘ ಮಾಸದ ಮುಹೂರ್ತ. ಅಕ್ಕನಿಗೆ ಇದ್ದದ್ದು ಒಂದೇ ಭಯ, ನಮ್ಮ ಸೋದರಮಾವ. ಅಮ್ಮನ ಒಬ್ಬನೇ ತಮ್ಮ ಅವರು, ಹಾರೋಹಳ್ಳಿಯಾಚೆ ಒಂದು ಹಳ್ಳಿಯಲ್ಲಿ ಶಾನುಭೋಗರಾಗಿದ್ದವರು. ಹುಡುಗಿಯನ್ನು ಮಂಟಪಕ್ಕೆ ಕರೆತರುವುದು ಸೋದರಮಾವ. ಆದರೆ ಇವರನ್ನು ಕರೆಯುವ ಕ್ರಮದಲ್ಲಿ ಕರೆಯದಿದ್ದರೆ ದೇವರೇ ಬಂದರೂ ಮನೆಯಿಂದ ಹೊರಡುವವರಲ್ಲ. ಹಿಂದೆ ಚಿಕ್ಕಮ್ಮನ ಮಗಳ ಮದುವೆಗೆ ಅಂಚೆಯಲ್ಲಿ ಲಗ್ನಪತ್ರಿಕೆ ಕಳಿಸಿದ್ದಕ್ಕೆ, ‘ಅಂಚೆಯಲ್ಲಿ ಕರೆದಿರಿ, ಅಂಚೆಯಲ್ಲೇ ಆಶೀರ್ವಾದ’ ಎಂದು ಒಂದು ಕಾರ್ಡು ಹಾಕಿ ಸುಮ್ಮನಾಗಿದ್ದರು. ಆ ಹುಡುಗಿ ಮಂಟಪಕ್ಕೆ ಬರುವ ದಾರಿಯುದ್ದಕ್ಕೂ ಅತ್ತದ್ದನ್ನು ಅಕ್ಕ ಕಣ್ಣಾರೆ ನೋಡಿದ್ದಳು.

‘ಮನೆಯವರೇ ಹೋಗಬೇಕು, ಕುಂಕುಮ ಅಕ್ಷತೆ ಕೊಟ್ಟು ಕಾಲಿಗೆ ಬಿದ್ದು ಕರೀಬೇಕು. ಇಲ್ಲದಿದ್ರೆ ಮಾವ ಬರಲ್ಲ,’ ಅಂದಳು ಅಕ್ಕ.

‘ನಾನಿದ್ದೀನಲ್ಲ, ನಾನು ಹೋಗ್ತೀನಿ,’ ಅಂದೆ.

ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿದರು. ‘ನೀನಾ? ಆ ಗಾಡೀಲಾ? ಲಗ್ನಪತ್ರಿಕೆ ಮೂಲಂಗಿ ಜೊತೆ ಇಡ್ತೀಯಾ? ದೊಡ್ಡಪ್ಪನ ಮಗ ಹೋಗಿ ಬರ್ತಾನೆ. ಭದ್ರವಾದ ಚೀಲ ಇದೆ, ನಕ್ಷೆ ಇದೆ. ಮೇಲಾಗಿ ಅವನು ಯಾರನ್ನೂ ಅಣಕಿಸಲ್ಲ.’

‘ಅಪ್ಪ, ಅಕ್ಕನ ತಮ್ಮ ನಾನು!’

‘ಅದಕ್ಕೇ ಹೇಳ್ತಿರೋದು. ನಿನ್ನ ಅಕ್ಕನ ಮದುವೆ ಸಾಂಗವಾಗಿ ಆಗ್ಲಿ.’

ನನ್ನ ಸ್ವಂತ ಅಕ್ಕನ ಮದುವೆಗೆ, ನನ್ನ ಸ್ವಂತ ಸೋದರಮಾವನನ್ನು ಕರೆಯಲು, ಎರಡು ಚೀಲ ಇಟ್ಟುಕೊಂಡವನು ಹೋಗಬೇಕು, ಒಂದು ಚೀಲ ಇಟ್ಟುಕೊಂಡವನು ಮನೆಯಲ್ಲಿ ಚಪ್ಪರಕ್ಕೆ ಗುಣಿ ತೋಡಬೇಕು. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಸುಳ್ಳು ಹೇಳಬಾರದು, ಹುಳಿ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಆದರೆ ಉರಿಯುತ್ತಲೇ ತಿಂದೆ.

ಮಾರನೆಯ ದಿನ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ ಹೋದೆ. ಅಲ್ಲಿ ಮಿಲಿಟರಿಯವರು ಹರಾಜು ಹಾಕಿದ ಸಾಮಾನು ಮಾರುವ ಅಂಗಡಿಗಳು ಸಾಲಾಗಿದ್ದವು. ಕಂಬಳಿ, ಬೂಟು, ನೀರಿನ ಕ್ಯಾನು, ಯಾವ ಸೈನಿಕನದೋ ತಟ್ಟೆ. ಒಂದು ಅಂಗಡಿಯಲ್ಲಿ ಖಾಕಿ ಕ್ಯಾನ್ವಾಸಿನ ಜೋಡಿ ಚೀಲ ಸಿಕ್ಕಿತು. ನಡುವೆ ಅಗಲ ಪಟ್ಟಿ, ಸೀಟಿನ ಮೇಲೆ ಎಸೆದರೆ ಎರಡು ಕಡೆಗೂ ಸಮವಾಗಿ ಬೀಳುತ್ತಿತ್ತು.

‘ಇದು ಯಾವ ಮೋಟಾರ್ ಸೈಕಲ್ಲಿದು ಸಾಬರೇ?’ ಅಂದೆ.

‘ಮೋಟಾರ್ ಸೈಕಲ್ ಅಲ್ಲ ಸಾರ್, ಹೇಸರಗತ್ತೇದು. ಬೆಟ್ಟದ ಮೇಲೆ ಸಾಮಾನು ಹೊರೋದು. ಕತ್ತೆ ಸತ್ತರೂ ಚೀಲ ಸಾಯಲ್ಲ.’

ನನ್ನ ಗಾಡಿಗೆ ಹೇಳಿ ಮಾಡಿಸಿದ ಹಾಗಿತ್ತು. ಅದೇ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ಹಿತ್ತಾಳೆಯ ದಿಕ್ಸೂಚಿ ಹೊಳೆಯುತ್ತಿತ್ತು. ಅಣ್ಣನ ಹತ್ತಿರ ನಕ್ಷೆ ತಾನೇ ಇರುವುದು? ನಕ್ಷೆ ಕಾಗದ. ಇದು ಹಿತ್ತಾಳೆ! ಅದನ್ನೂ ಕೊಂಡು ತಂದು ಟ್ಯಾಂಕಿನ ಮೇಲೆ ಕೂರಿಸಿದೆ. ಎರಡು ಕ್ರಾಸು ದಾಟಿ ಸುದ್ದಿ ಈ ಸಲ ಆ ಕಡೆಗೆ ಹೋಗಲಿ ಅಂತ ಕಾದೆ. ಹೋಗಲಿಲ್ಲ.

ಚೀಲ ತಂದ ಮಾತ್ರಕ್ಕೆ ಅಪ್ಪನ ಮನಸ್ಸು ಬದಲಾಗುತ್ತದೆಯೇ? ಆಗ ನನಗೆ ಹೊಳೆದವರು ಅಜ್ಜಿ. ನಮ್ಮ ಮನೆಯಲ್ಲಿ ಅಪ್ಪನಿಗೂ ಮೇಲಿನ ಕೋರ್ಟು ಅಂದರೆ ಅಜ್ಜಿ, ಅವರಿಗೂ ಮೇಲಿನದು ಮಡಿ. ಅವರು ಹೂಬತ್ತಿ ಹೊಸೆಯುತ್ತ ಕೂತಿದ್ದಾಗ ಹೋಗಿ ಪಕ್ಕದಲ್ಲಿ ಕೂತೆ.

‘ಅಜ್ಜಿ, ನನಗೊಂದು ಅನುಮಾನ. ಅಕ್ಷತೇನ ಚರ್ಮದ ಚೀಲದಲ್ಲಿ ಇಡಬಹುದಾ?’

ಅಜ್ಜಿಯ ಕೈ ನಿಂತಿತು. ‘ಯಾರೋ ಇಡೋರು?’

‘ಯಾರೂ ಇಲ್ಲಪ್ಪ. ಅಣ್ಣಂದು ಚರ್ಮದ್ದು, ಅಷ್ಟೇ. ಎಮ್ಮೇದೋ ದನದ್ದೋ, ಪಾಪ, ಅವನಿಗೇನು ಗೊತ್ತು.’

ಅಜ್ಜಿ ಎದ್ದು ನಿಂತು ಅಪ್ಪನನ್ನು ಕರೆದ ರೀತಿಗೆ ಪಕ್ಕದ ಮನೆಯ ಯಜಮಾನರೂ ಹೊರಗೆ ಬಂದರು. ‘ಶುಭಕಾರ್ಯದ ಅಕ್ಷತೆ, ಕುಂಕುಮ, ದೇವರ ಮುಂದಿಟ್ಟ ಲಗ್ನಪತ್ರಿಕೆ, ಅದನ್ನ ತೊಗಲಿನೊಳಗೆ ತುರುಕಿ ಕಳಿಸ್ತೀಯೇನೋ? ನಮ್ಮ ತಮ್ಮಯ್ಯಂದು ಬಟ್ಟೆ ಚೀಲ ಇದೆ, ನೆನೆಸಿ ಹಿಂಡಿದ್ರೆ ಮಡಿ ಆಗತ್ತೆ. ಅದರಲ್ಲಿ ಹೋಗ್ಲಿ!’ ತಮ್ಮಯ್ಯ ಅಂದರೆ ನಾನು. ಆ ಬಟ್ಟೆ ಹೇಸರಗತ್ತೆಯ ಬೆನ್ನ ಮೇಲಿತ್ತು ಅನ್ನುವುದನ್ನು ಅಜ್ಜಿ ಕೇಳಲಿಲ್ಲ, ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಅಧಿಕಪ್ರಸಂಗ.

ಅಪ್ಪ ರಾಜಿ ಮಾಡಿಸಿದರು. ಇಬ್ಬರೂ ಹೋಗುವುದು. ಮಾವನ ಲಗ್ನಪತ್ರಿಕೆ, ಕುಂಕುಮ, ಅಕ್ಷತೆ ನನ್ನ ಚೀಲದಲ್ಲಿ. ಮಾವನನ್ನು ಕರೆಯುವುದು ನಾನು. ದಾರಿಯಲ್ಲಿ ಪರಿಚಯದವರಿಗೆ ಬರೀ ಕೈಯಲ್ಲಿ ಕೊಡುವ ಪತ್ರಿಕೆಗಳು ಅಣ್ಣನ ಚೀಲದಲ್ಲಿ. ಅಣ್ಣ ಇದನ್ನೆಲ್ಲ ಕೇಳಿ, ‘ಆಗ್ಲಿ ಚಿಕ್ಕಪ್ಪ,’ ಅಂದ, ಅಷ್ಟೇ. ಅವನ ಮುಖದಲ್ಲಿ ಒಂದು ಚೂರಾದರೂ ಹುಳಿ ಕಂಡೀತೇ ಅಂತ ಎಡಕ್ಕೆ ಬಗ್ಗಿ, ಬಲಕ್ಕೆ ಬಗ್ಗಿ ನೋಡಿದೆ. ಇರಲಿಲ್ಲ. ಗೆದ್ದರೂ ಗೆದ್ದ ಹಾಗಾಗಲಿಲ್ಲ.

ಭಾನುವಾರ ಅಜ್ಜಿ ನನ್ನ ಚೀಲವನ್ನು ಬಾವಿ ನೀರಿನಲ್ಲಿ ಅದ್ದಿ, ಗಳದ ಮೇಲೆ ಕೋಲಿನಿಂದ ಹಾಕಿ ಒಣಗಿಸಿದರು. ದಪ್ಪ ಕ್ಯಾನ್ವಾಸು, ಮಾಘದ ಮಂಜು. ಆದರೂ ಬೆಳಗಿನ ಹೊತ್ತಿಗೆ ಮೇಲೆಲ್ಲ ಒಣಗಿತ್ತು. ನಾನು ಹಲ್ಲುಜ್ಜುತ್ತ ಬಂದವನು ಒಳಗೂ ಒಣಗಿದೆಯಾ ಅಂತ ಕೈ ಹಾಕಿ ನೋಡಿದೆ.

‘ಸ್ನಾನ ಆಯ್ತೇನೋ?’ ಹಿಂದಿನಿಂದ ಅಜ್ಜಿ.

‘ಇನ್ನೂ ಇಲ್ಲ...’

‘ಮಡಿ ಚೀಲ ಮುಟ್ಟಿದೆಯಲ್ಲೋ ಮುಂಡೇದೇ!’

ಮತ್ತೆ ಬಾವಿ ನೀರು. ಹೊರಡುವುದಕ್ಕೆ ಒಂದು ಗಂಟೆ ಇದ್ದಾಗ ನನ್ನ ಚೀಲ ಮಳೆಯಲ್ಲಿ ನೆನೆದ ಬಾವಲಿಯ ಹಾಗೆ ನೀರು ತೊಟ್ಟಿಕ್ಕುತ್ತ ನೇತಾಡುತ್ತಿತ್ತು. ಸ್ನಾನ ಮಾಡಿ ಬಂದು ಹಿಂಡಿದೆ, ಮತ್ತೆ ಹಿಂಡಿದೆ, ಇನ್ನೊಮ್ಮೆ ಹಿಂಡಿದೆ. ಒಳಗೆ ಹಳೆಯ ಪತ್ರಿಕೆಯ ಹಾಳೆ ಹಾಸಿ, ಮೇಲೆ ಲಗ್ನಪತ್ರಿಕೆ, ಕುಂಕುಮದ ಪೊಟ್ಟಣ, ಅಕ್ಷತೆಯ ಪೊಟ್ಟಣ ಇಟ್ಟೆ. ‘ಒದ್ದೆ ಇದೆಯಲ್ಲೋ, ಇದನ್ನಷ್ಟೇ ನನ್ನ ಚೀಲದಲ್ಲಿ...’ ಅಂತ ಅಣ್ಣ ಮೆಲ್ಲಗೆ ಶುರುಮಾಡಿದ. ‘ಗಾಳಿಗೆ ಆರುತ್ತೆ ಬಿಡು,’ ಅಂದೆ. ಪ್ರಾಣ ಕೊಟ್ಟೇನು, ಅವನ ಚೀಲಕ್ಕೆ ಕೊಡುತ್ತಿದ್ದೆನೇ?

ಇನ್ನೇನು ಹೊರಡಬೇಕು, ಅಜ್ಜಿಯ ಕಣ್ಣು ನನ್ನ ಟ್ಯಾಂಕಿನ ಮೇಲೆ ಬಿತ್ತು. ಅದು ದಿಕ್ಕು ತೋರಿಸುವ ಯಂತ್ರ ಅಂತ ನಾನೇ ಹಿಂದಿನ ದಿನ ಜಂಬದಿಂದ ವಿವರಿಸಿದ್ದೆ.

‘ಈಗ ಯಾವ ಕಡೆಗೆ ಹೋಗ್ತೀರಿ ಅಂತ ಹೇಳತ್ತೆ?’

ನೋಡಿ ಓದಿದೆ. ‘ಪೂರ್ವಕ್ಕೆ ಅಜ್ಜಿ.’

‘ಅಯ್ಯೋ! ಸೋಮವಾರ ಪೂರ್ವಕ್ಕೆ ಶೂಲೆ! ಕನಕಪುರದ ರಸ್ತೆ ದಕ್ಷಿಣಕ್ಕೆ ಅಂದ್ರಲ್ಲೋ? ಅದಕ್ಕೇ ಸೋಮವಾರ ಇಟ್ಟದ್ದು. ಇಳೀರಿ, ಇವತ್ತು ಹೋಗೋ ಹಾಗಿಲ್ಲ!’

ಒಂದೊಂದು ವಾರ ಒಂದೊಂದು ದಿಕ್ಕಿಗೆ ಶೂಲೆ, ಆ ದಿನ ಆ ಕಡೆ ಹೊರಡಬಾರದು. ನಮ್ಮಜ್ಜಿ ಶೂಲೆ ನೋಡದೆ ಪಕ್ಕದ ಬೀದಿಯ ಅಂಗಡಿಗೂ ಹೋಗುವವರಲ್ಲ. ಸೂರ್ಯ ನನ್ನ ಎಡಗಡೆ ಹುಟ್ಟಿ ನಿಂತಿದ್ದ, ನನ್ನ ದಿಕ್ಸೂಚಿ ಪೂರ್ವ ಮೂತಿಯ ಮುಂದೆ ಅನ್ನುತ್ತಿತ್ತು. ಯಾರನ್ನು ನಂಬುವುದು? ಅಣ್ಣ ಇಳಿದು ಬಂದ. ನನ್ನ ಟ್ಯಾಂಕಿನ ಮೇಲಿಂದ ದಿಕ್ಸೂಚಿ ಬಿಚ್ಚಿ, ಗೇಟಿನಾಚೆ ಹೋಗಿ ಅಂಗೈಯಲ್ಲಿ ಹಿಡಿದು, ‘ಈಗ ನೋಡಿ ಅಜ್ಜಿ,’ ಅಂದ. ಮುಳ್ಳು ಗಿರ್ರನೆ ತಿರುಗಿ ಸರಿಯಾದ ಜಾಗಕ್ಕೆ ಬಂತು. ರಸ್ತೆ ದಕ್ಷಿಣವೇ. ‘ಇಂಜಿನ್ನಲ್ಲಿ ಕಬ್ಬಿಣ ಇದೆ, ಅಯಸ್ಕಾಂತ ಇದೆ. ಮುಳ್ಳನ್ನ ಆ ಕಡೆ ಎಳೆಯತ್ತೆ,’ ಅಂತ ಅಜ್ಜಿಗೆ ತಿಳಿಯುವ ಹಾಗೆ ಹೇಳಿದ. ಅಜ್ಜಿ ಅವನ ತಲೆ ಸವರಿದರು. ನನಗೆ, ‘ನೋಡಿ ಕಲಿ,’ ಅಂದರು. ನಾನು ದಿಕ್ಸೂಚಿಯನ್ನು ಜೇಬಿಗೆ ಹಾಕಿಕೊಂಡೆ. ಅದಕ್ಕೂ ನನ್ನ ಮುಖ ನೋಡುವ ಧೈರ್ಯ ಇದ್ದಿರಲಾರದು.

ಬನಶಂಕರಿ ದೇವಸ್ಥಾನದ ಮುಂದೆ ಒಂದು ಕೈಯಲ್ಲಿ ನಮಸ್ಕಾರ ಹಾಕಿ, ಸಾರಕ್ಕಿ ಕೆರೆ ದಾಟಿದ ಮೇಲೆ ಮನೆಗಳು ಮುಗಿದು ರಾಗಿ ಕೊಯ್ದ ಹೊಲಗಳು ಶುರುವಾದವು. ಅಣ್ಣ ಮುಂದೆ, ನಾನು ಹಿಂದೆ. ಕಗ್ಗಲೀಪುರದವರೆಗೂ ನನಗೆ ಕಂಡ ದೃಶ್ಯ ಒಂದೇ, ಆ ಎರಡು ಚರ್ಮದ ಚೀಲ. ಹಳ್ಳಕ್ಕೆ ಬಿದ್ದರೂ ಅಲುಗುತ್ತಿರಲಿಲ್ಲ, ಸಂತೃಪ್ತ ಎಮ್ಮೆಯ ಹೊಟ್ಟೆಯ ಹಾಗೆ. ನನ್ನವು ರೆಕ್ಕೆ ಬಡಿಯುತ್ತ ನನ್ನ ಕಾಲಿಗೇ ತಣ್ಣಗೆ ತಾಗುತ್ತಿದ್ದವು.

ಹಾರೋಹಳ್ಳಿ ದಾಟಿ ಮಣ್ಣಿನ ರಸ್ತೆಗೆ ತಿರುಗಿದ ಮೇಲೆ ಅಣ್ಣ ಗಾಡಿ ನಿಲ್ಲಿಸಿ ನಕ್ಷೆ ನೋಡತೊಡಗಿದ. ಮಾವನ ಊರು ಹೊಸಹಳ್ಳಿ. ಚಿಕ್ಕಂದಿನಲ್ಲಿ ನಾವು ಬಸ್ಸಿಳಿದು ಎತ್ತಿನ ಗಾಡಿಯಲ್ಲಿ ಬೇರೆ ಕಡೆಯಿಂದ ಹೋಗಿದ್ದು, ದಾರಿ ಯಾರಿಗೂ ನೆನಪಿಲ್ಲ. ನಕ್ಷೆಯಲ್ಲಿ ಹೊಸಹಳ್ಳಿ ಮೂರಿದ್ದವು.

ಹೊಲದಲ್ಲಿ ಒಬ್ಬ ರೈತ ಹುರುಳಿ ಕೀಳುತ್ತಿದ್ದ. ಅಣ್ಣ ಬಹಳ ಮರ್ಯಾದೆಯಿಂದ ಕೇಳಿದ. ‘ಹೊಸಹಳ್ಳಿಗೆ ಹೇಗೆ ಹೋಗಬೇಕು?’

‘ಯಾವ್ ವಸಳ್ಳಿ ಸೋಮಿ?’

‘ಶಾನುಭೋಗರ ಮನೆ ಇರೋದು.’

‘ಎಲ್ಲಾ ವಸಳ್ಳೀಲೂ ಸ್ಯಾನುಭೋಗ್ರು ಅವ್ರೆ.’

ಅಣ್ಣ ಮತ್ತೆ ನಕ್ಷೆಗೆ ಬಗ್ಗಿದ. ನಾನು ಗಾಡಿಯಿಂದ ಇಳಿದೆ. ಎಡಗೈ ಬೆನ್ನ ಹಿಂದೆ ಇಟ್ಟು, ಹೊಟ್ಟೆ ಮುಂದೆ ಮಾಡಿ, ಮೂಗಿನ ಎರಡು ಹೊಳ್ಳೆಗೂ ಇಲ್ಲದ ನಶ್ಯ ಏರಿಸಿ, ತಲೆ ಮೇಲೆತ್ತಿ, ಸೀನು ಬಂದೂ ಬಾರದ ಹಾಗೆ ‘ಹಾ... ಹಾ...’ ಅಂತ ಆಕಾಶ ನೋಡಿ, ಕೊನೆಗೆ ಸೀನದೆ, ‘ಇರ್ಲಿ, ನಾಳೆ ಬಾ’ ಅಂದೆ. ಮಾವನ ಕಚೇರಿ ದರ್ಬಾರು ಅಂದರೆ ಅದೇ.

ರೈತ ಹುರುಳಿ ಕಂತೆ ಬಿಸಾಕಿ ನಕ್ಕ. ‘ಅಯ್ಯಯ್ಯೋ, ಅವ್ರಾ! ಆ ಆಲದಮರ ಬಳಸ್ಕಂಡು ಎಡಕ್ಕೆ ಓಗಿ, ಎಲ್ಡು ಕೂಗಳತೆ, ಕೆರೆ ಏರಿ ಸಿಕ್ತದೆ. ಅದರ ಇಂದ್ಗಡೇನೆಯ ಊರು. ಇನ್ನೊಂದ್ಸಲ ಮಾಡಿ ಸೋಮಿ!’

ಇನ್ನೊಂದು ಸಲ ಮಾಡಿದೆ. ಅಣ್ಣನೂ ನಕ್ಕ. ‘ನಿನ್ನನ್ನೇ ಟ್ಯಾಂಕಿನ ಮೇಲೆ ಕೂರಿಸ್ಕೋಬೇಕಿತ್ತು ಕಣೋ,’ ಅಂದ. ಎಂಥ ಸಂತೋಷ! ಮುಂದೆ ನಾನು, ಹಿಂದೆ ಅವನು. ಆಲದಮರದಿಂದ ಕೆರೆ ಏರಿಯವರೆಗೆ ಎರಡು ಕೂಗಳತೆ ದೂರ ನನಗೆ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ.

ಏರಿಯ ಮೇಲೆ ನಿಲ್ಲಿಸಿ, ಮುಖ ತೊಳೆದು, ಶಲ್ಯ ಹೊದ್ದು, ಊರೊಳಗೆ ಕ್ರಮವಾಗಿ ಹೋಗೋಣ ಅಂತ ಚೀಲ ಬಿಚ್ಚಿದೆ. ಕೈ ಒಳಗೆ ಹಾಕಿ ತೆಗೆದರೆ ಕೈ ಪೂರ್ತಿ ಕೆಂಪು. ಒದ್ದೆ ಕ್ಯಾನ್ವಾಸಿನಿಂದ ಹಾಳೆ ನೆನೆದು, ಪೊಟ್ಟಣ ಕರಗಿ, ಕುಂಕುಮ ಲಗ್ನಪತ್ರಿಕೆಯ ಉದ್ದಗಲಕ್ಕೂ ಹರಿದಿತ್ತು. ಅಕ್ಷತೆ ಚಿತ್ರಾನ್ನ ಆಗಿತ್ತು. ಪತ್ರಿಕೆಯಲ್ಲಿ ವರನ ಹೆಸರು ಇದ್ದ ಜಾಗದಲ್ಲಿ ಯಾವುದೋ ಪತ್ತೇದಾರಿ ಕಾದಂಬರಿಯ ರಕ್ತದ ಕಲೆ.

ನಾನು ಅಲ್ಲೇ ಏರಿಯ ಮೇಲೆ ಕುಕ್ಕರಿಸಿದೆ. ಅಪ್ಪನ ಮುಖಕ್ಕಿಂತ ಮೊದಲು ಅಕ್ಕನ ಮುಖ ಕಣ್ಣಿಗೆ ಬಂತು. ಇದನ್ನು ಕೊಟ್ಟರೆ ಮಾವ ಬಾಗಿಲು ಹಾಕಿಕೊಳ್ಳುತ್ತಾರೆ. ಅಪಶಕುನ ಅಂತ ಊರೆಲ್ಲ ಹೇಳುತ್ತಾರೆ. ವಾಪಸ್ ಹೋಗಿ ಬರಲು ಅಜ್ಜಿಯ ಪಂಚಾಂಗದಲ್ಲಿ ಇನ್ನೊಂದು ದಿನ ಇರಲಿಲ್ಲ.

ಅಣ್ಣ ತನ್ನ ಬಲಗಡೆಯ ಚೀಲದ ಬಕಲು ತೆಗೆದ. ಒಂದು ಲಗ್ನಪತ್ರಿಕೆ, ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ್ದು. ಒಂದು ಹಿತ್ತಾಳೆ ಡಬ್ಬಿ, ಒಳಗೆ ಕುಂಕುಮ, ಅಕ್ಷತೆ. ಬೂದಿಯಷ್ಟು ಒಣಗಿದ್ದವು.

‘ನಮ್ಮಮ್ಮ ಇಟ್ಟಿದ್ದು,’ ಅಂದ. ‘ಬೆಳಿಗ್ಗೆ ನಿಮ್ಮನೆಗೆ ಬಂದಾಗ ಒದ್ದೆ ಚೀಲ ನೋಡಿದ್ಲಂತೆ. ಅಜ್ಜಿಗೆ ಹೇಳ್ಬೇಡ ಅಂದ್ಲು.’

‘ಹಂಗಾದ್ರೆ... ನೀನೇ ಕರಿ.’ ಈ ನಾಲ್ಕು ಅಕ್ಷರ ಹೇಗೋ ಆಡಿ, ಕೆಂಪು ಕೈ ತೊಳೆಯಲು ಕೆರೆಯ ಕಡೆ ಎದ್ದೆ.

‘ನಾನ್ಯಾಕೆ? ನಿಮ್ಮಕ್ಕನ ಮದುವೆ. ತಗೋ.’

ಒಂದು ಬೈಗುಳ ಬೈಯಬಾರದಿತ್ತೇ? ‘ನಾನು ಹೇಳಲಿಲ್ಲವೇ’ ಅನ್ನಬಾರದಿತ್ತೇ? ನಾನಾಗಿದ್ದರೆ ಊರು ತಲುಪುವವರೆಗೂ ಅಂದು, ಊರಿಗೆ ತಲುಪಿ ಇನ್ನೊಂದು ಸಲ ಅಂದು, ಮಾವನಿಂದಲೂ ಒಂದು ಸಲ ಅನ್ನಿಸುತ್ತಿದ್ದೆ.

ಮಾವ ಜಗುಲಿಯ ಮೇಲೆ ಹೊಟ್ಟೆ ಮುಂದೆ ಮಾಡಿಕೊಂಡು ಕೂತಿದ್ದರು. ಕಾಲಿಗೆ ಬಿದ್ದೆ, ಕುಂಕುಮ ಅಕ್ಷತೆ ಕೊಟ್ಟೆ, ಲಗ್ನಪತ್ರಿಕೆ ಕೊಟ್ಟೆ. ‘ಅಕ್ಕ ನಿಮ್ಮನ್ನೇ ಕಾಯ್ತಿದ್ದಾಳೆ ಮಾವ. ನೀವು ಬರದಿದ್ರೆ ಮಂಟಪಕ್ಕೆ ಬರಲ್ಲ ಅಂತಾಳೆ,’ ಅಂದೆ. ನನ್ನ ಸ್ವಂತ ದನಿಯಲ್ಲೇ.

ಮಾವ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಬೀದಿಯಲ್ಲಿ ನಿಂತಿದ್ದ ಗಾಡಿಗಳ ಕಡೆ ನೋಡಿದರು. ‘ಇದನ್ನ ಯಾವುದರಲ್ಲಿ ತಂದ್ರಿ? ಆ ತೊಗಲು ಚೀಲದಲ್ಲಲ್ಲ ತಾನೇ?’

ನಾನು ಅಣ್ಣನ ಕಡೆ ನೋಡಿದೆ.

‘ಅಯ್ಯೋ ಮಾವ,’ ಅಂದ ಅಣ್ಣ. ‘ಇವನ ಬಟ್ಟೆ ಚೀಲ ಇದೆಯಲ್ಲ, ಅಜ್ಜಿ ಮಡಿ ಮಾಡಿ ಕೊಟ್ರು.’ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ನೋಡಿ. ಸುಳ್ಳಿನಲ್ಲೂ ಅವನೇ ಫಸ್ಟ್ ಕ್ಲಾಸು.

ಮಾವ ನನ್ನ ಬೆನ್ನು ತಟ್ಟಿದರು. ‘ಭೇಷ್. ಹುಡುಗಾಟದೋನು ಅಂದ್ಕೊಂಡಿದ್ದೆ. ಕ್ರಮ ಗೊತ್ತು ನಿನಗೆ. ನಾನು ಎರಡು ದಿನ ಮುಂಚೇನೇ ಬರ್ತೀನಿ ಅಂತ ಹೇಳು.’ ಒಳಗೆ ಹೋಗಿ ಅತ್ತೆಯ ಕೈಯಿಂದ ಒಂದು ಪಚ್ಚೆ ರೇಷ್ಮೆ ಸೀರೆ ತಂದರು. ಸೋದರಮಾವ ಕೊಡುವ ಸೀರೆ, ಅಕ್ಕನಿಗೆ. ‘ನಿನ್ನ ಚೀಲಕ್ಕೇ ಇಡು’ ಅಂತ ಅವರೇ ಮೆಟ್ಟಿಲಿಳಿದು ಬಂದು ನನ್ನ ಕ್ಯಾನ್ವಾಸು ಮುಟ್ಟಿದರು. ‘ಥೂ, ಒದ್ದೆ! ರೇಷ್ಮೆಗೆ ಮೈಲಿಗೆ ಇಲ್ಲ. ಇದು ಆ ತೊಗಲು ಚೀಲದಲ್ಲೇ ಭದ್ರ.’ ಅಲ್ಲಿಗೆ ನಿಲ್ಲಿಸಬಾರದೇ? ಬಕಲು ಎಳೆದು ನೋಡಿದರು, ಹೊಲಿಗೆ ಸವರಿದರು. ‘ಎಲ್ಲಿ ಮಾಡಿಸಿದೆಯಪ್ಪಾ? ನನ್ನ ದಫ್ತರಕ್ಕೂ ಇಂಥದೊಂದು ಬೇಕು,’ ಅಂತ ಕಾಫಿ ಆರುವವರೆಗೂ ಅವನ ಹತ್ತಿರ ವಿಚಾರಿಸಿದರು. ನನ್ನ ಕಾಫಿಯಂತೂ ಆರಿ ಕಷಾಯವಾಯಿತು.

ವಾಪಸ್ ಬರುವಾಗ ಮತ್ತೆ ಅವನು ಮುಂದೆ, ನಾನು ಹಿಂದೆ. ಈಗ ಆ ಚೀಲದೊಳಗೆ ನಮ್ಮಕ್ಕನ ಸೀರೆ. ಅವಳಿಗೆ ಮಾವ ಬರುತ್ತಾರೆ ಅನ್ನುವ ಸುದ್ದಿಯೂ ಅದರೊಳಗೇ ಹೋಗುತ್ತಿದೆ ಅನ್ನಿಸಿ, ಕೋಣನಕುಂಟೆಯವರೆಗೂ ಧೂಳಿನ ಜೊತೆ ಅದನ್ನೂ ನುಂಗಿದೆ.

ನಮ್ಮ ಕ್ರಾಸಿನ ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿದ. ಸೀರೆ ತೆಗೆದು ನನ್ನ ಕೈಗೆ ಕೊಟ್ಟ. ‘ನೀನೇ ಕೊಡು. ನಾನು ಪೆಟ್ರೋಲ್ ಹಾಕಿಸ್ಕೊಂಡು ನಿಧಾನಕ್ಕೆ ಬರ್ತೀನಿ.’ ಅವನ ಟ್ಯಾಂಕು ಅರ್ಧಕ್ಕಿಂತ ಜಾಸ್ತಿ ತುಂಬಿತ್ತು ಅನ್ನುವುದು ನನಗೆ ಗೊತ್ತಿತ್ತು.

ತಗೊಂಡೆ. ತಗೊಳ್ಳದೆ ಇರೋಕೆ ನಾನೇನು ಅವನಾ?

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನನ್ನ ಮಡಿಲಲ್ಲಿ ಪಚ್ಚೆ ಸೀರೆ ನೋಡಿದ್ದೇ ಅವಳಿಗೆ ಎಲ್ಲ ಅರ್ಥವಾಯಿತು. ಸೀರೆ ಮುಖಕ್ಕೆ ಒತ್ತಿಕೊಂಡು ಅತ್ತಳು. ‘ಮಾವ ಬರ್ತಾರೇನೋ? ನೀನೇ ಕರೆದ್ಯಾ?’

‘ಹೂಂ. ಎರಡು ದಿನ ಮುಂಚೇನೇ ಬರ್ತಾರಂತೆ,’ ಅಂದೆ.

ಅಪ್ಪ ನನ್ನ ಭುಜದ ಮೇಲಿನ ಧೂಳು ಒಂದು ಸಲ ಕೊಡವಿದರು. ಅಷ್ಟರಲ್ಲಿ ಡುಗು ಡುಗು ಅಂತ ಅಣ್ಣ ಬಂದ. ಅಕ್ಕ ಇಬ್ಬರಿಗೂ ಕಾಫಿ ತಂದಳು, ಮೊದಲು ನನಗೆ, ಆಮೇಲೆ ಅವನಿಗೆ. ಇಬ್ಬರೂ ಜಗುಲಿಯ ಮೇಲೆ ಕೂತು ಕುಡಿದೆವು. ಅವನ ಲೋಟ ನನ್ನದಕ್ಕಿಂತ ಒಂದು ಬೆರಳು ದೊಡ್ಡದಿತ್ತೇನೋ ಅಂತ ನನಗೆ ಈಗಲೂ ಅನುಮಾನ.